ಬಾಗಿಲ ಪಕ್ಕದ ತೀರ್ಥದ ಬಟ್ಟಲು

(1/8)
ಮೊದಲನೇ ಫೋಟೋ ನಿನ್ನೆ ಸ್ಟೋರಿಗೆ ಹಾಕಿ "ಇದೇನು ಹೇಳಿ ನೋಡೋಣ" ಅಂತ ಕೇಳಿದ್ದೆ. ಬಂದ ಉತ್ತರಗಳು: ಸೋಪ್ ಸ್ಟ್ಯಾಂಡ್, ಅಗರಬತ್ತಿ ಸ್ಟ್ಯಾಂಡ್, ಹಕ್ಕಿಗೆ ನೀರಿಡೋದು. ಮೂರನೇದು ಸ್ವಲ್ಪ ಹತ್ತಿರ ಬಂತು. ನೀರಿಡೋದೇ, ಆದ್ರೆ ಹಕ್ಕಿಗಲ್ಲ.

ಕೌಲ್ ಬಜಾರಿನ ನಮ್ಮ ಅಜ್ಜಿ ಮನೆಯಲ್ಲಿ ತಲೆಬಾಗಿಲ ಒಳಗಡೆ, ಬಲಗೈ ಪಕ್ಕದ ಗೋಡೆಗೆ ಮೊಳೆ ಹೊಡೆದು ನೇತುಹಾಕಿರೋ ತೀರ್ಥದ ಬಟ್ಟಲು ಇದು. ಬಿಳಿ ಪಿಂಗಾಣಿ, ನನ್ನ ಅಂಗೈಗಿಂತ ಸ್ವಲ್ಪ ಉದ್ದ. ಮೇಲೆ ರೆಕ್ಕೆ ಮಡಚಿ ಕೈಮುಗಿದ ದೇವದೂತ, ಕೆಳಗೆ ಚಿಪ್ಪಿನ ಆಕಾರದ ಪುಟ್ಟ ಬಟ್ಟಲು. ಎರಡು ಚಮಚ ನೀರು ಹಿಡಿಸಿದ್ರೆ ಹೆಚ್ಚು. ಚರ್ಚಿನಲ್ಲಿ ಫಾದರ್ ಮಂತ್ರಿಸಿದ ನೀರು. ಪುಸ್ತಕದ ಭಾಷೆಯಲ್ಲಿ ಪವಿತ್ರ ಜಲ, ಅಜ್ಜಿ ಬಾಯಲ್ಲಿ ಬರೀ "ತೀರ್ಥ". ಹೊರಗೆ ಹೋಗುವಾಗ, ಒಳಗೆ ಬರುವಾಗ ಬೆರಳ ತುದಿ ಅದ್ದಿ ಹಣೆ, ಎದೆ, ಎಡಭುಜ, ಬಲಭುಜ ಮುಟ್ಟಿಕೊಂಡು ಶಿಲುಬೆ ಗುರುತು ಹಾಕ್ಕೋಬೇಕು. ಮಗುವಾಗಿದ್ದಾಗ ಆದ ಜ್ಞಾನಸ್ನಾನದ ನೆನಪು ಅದು. ಅಷ್ಟೇ ಕೆಲಸ, ಎರಡು ಸೆಕೆಂಡ್.

ನಮ್ಮೂರಿನ ಏಪ್ರಿಲ್ ಬಿಸಿಲಿಗೆ ಬೆಳಿಗ್ಗೆ ತುಂಬಿಸಿದ್ದು ಸಂಜೆಗೆ ಖಾಲಿ. ಅದಕ್ಕೆ ಅಜ್ಜಿ ಒಳಗೊಂದು ಸ್ಪಂಜಿನ ತುಂಡು ಇಟ್ಟಿದ್ದಾಳೆ. ನೀರು ಬೇಗ ಆರಲ್ಲ, ಮಕ್ಕಳು ಜೋರಾಗಿ ಕೈ ಹಾಕಿದ್ರೂ ಚೆಲ್ಲಲ್ಲ. ಫೋಟೋದಲ್ಲಿ ಹಳದಿ ಕಾಣ್ತಿದೆಯಲ್ಲ, ಅದು ಸ್ಪಂಜು. ಲಿಂಬೆಹಣ್ಣಿನ ಹೋಳಾ ಅಂತ ಕೇಳಿದವರಿಗೆ ಇದೇ ಉತ್ತರ.

(2/8)
ಇದರ ಬಗ್ಗೆ ಬರೆಯೋಕೆ ಕೂತಿದ್ದಕ್ಕೆ ಕಾರಣ ಇದೆ. ಹೋದ ತಿಂಗಳು ಹಳೇ ಸಾಮಾನು ಕೊಳ್ಳೋರೊಬ್ಬರು ಪಕ್ಕದ ಮನೆಯ ಬೀರು ನೋಡೋಕೆ ಬಂದಿದ್ರು. ನಮ್ಮ ಬಾಗಿಲು ತೆರೆದಿತ್ತು, ಅವರ ಕಣ್ಣು ಗೋಡೆ ಮೇಲೆ ಬಿತ್ತು. "ಆಂಟಿಕ್ ಪೀಸ್, ನಾಲ್ಕು ಸಾವಿರ ಕೊಡ್ತೀನಿ" ಅಂದ್ರು. ಚಿಕ್ಕಪ್ಪನಿಗೆ ಆಸೆ ಆಯ್ತು, ಸುಳ್ಳು ಯಾಕೆ ಹೇಳ್ಲಿ, ನನಗೂ ಆಯ್ತು. ಅಜ್ಜಿ ಮಾತ್ರ ಒಳಗಿನಿಂದಲೇ ಕೇಳಿದ್ಲು: "ನೀರಿರೋ ಬಟ್ಟಲು ಮಾರ್ತಾರೇನಲೇ?"

ಕಾಸ್ಟ್ ಅಕೌಂಟಿಂಗ್ ಓದೋ ನನಗೆ ತಲೇಲಿ ಹುಳ ಬಿಟ್ಟಂಗಾಯ್ತು. ಕೊಂಡ ಬೆಲೆ ಯಾರಿಗೂ ನೆನಪಿಲ್ಲ. ಸವಕಳಿ ಕಳೆದ್ರೆ ಯಾವತ್ತೋ ಸೊನ್ನೆ ಆಗಿರ್ಬೇಕು. ಗುಜರಿ ಬೆಲೆ ಅಂತೂ ಇಲ್ಲವೇ ಇಲ್ಲ, ಒಡೆದ ಪಿಂಗಾಣಿ ಯಾರು ತಗೋತಾರೆ? ಹಂಗಿದ್ರೂ ಒಬ್ಬ ಮನುಷ್ಯ ನಾಲ್ಕು ಸಾವಿರಕ್ಕೆ ನಿಂತಿದ್ದಾನೆ, ಇನ್ನೊಬ್ಬಳು ಎಷ್ಟಕ್ಕೂ ಇಲ್ಲ ಅಂತಿದ್ದಾಳೆ. ಈ ಬಟ್ಟಲು ಎಲ್ಲಿಂದ ಬಂತು ಅಂತ ಹುಡುಕೋಕೆ ಶುರು ಮಾಡಿದ್ದು ಅವತ್ತೇ.

(3/8)
ಮೊದಲು ದೂರದ ಕಥೆ, ಆಮೇಲೆ ಬಳ್ಳಾರಿ.

ದೇವರ ಬಾಗಿಲಲ್ಲಿ ನೀರು ಮುಟ್ಟಿ ಒಳಗೆ ಹೋಗೋದು ಕ್ರೈಸ್ತರು ಶುರು ಮಾಡಿದ ಪದ್ಧತಿ ಅಲ್ಲ. ಕಾಮರ್ಸ್‌ನೋರು ಇದನ್ನ ಓದಲೇಬೇಕು: ಕ್ರಿ.ಶ. 1ನೇ ಶತಮಾನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಹೀರೋ ಅಂತ ಒಬ್ಬ ಇದ್ದ. ಹೆಸರೇ ಹೀರೋ. ಅವನು ತನ್ನ ಪುಸ್ತಕದಲ್ಲಿ ಒಂದು ಯಂತ್ರ ವಿವರಿಸ್ತಾನೆ. ಐದು ದ್ರಾಕ್ಮಾ ನಾಣ್ಯ ಹಾಕಿದ್ರೆ ಅದು ಒಳಗಿನ ಸಲಾಕೆಯ ತುದೀಲಿರೋ ತಟ್ಟೆ ಮೇಲೆ ಬೀಳುತ್ತೆ. ಭಾರಕ್ಕೆ ತಟ್ಟೆ ಕೆಳಗೆ ಬಾಗಿ, ಆ ಕಡೆ ಮುಚ್ಚಳ ಎದ್ದು, ದೇವಸ್ಥಾನದ ತೀರ್ಥ ಹರಿಯುತ್ತೆ. ನಾಣ್ಯ ಜಾರಿ ಬಿದ್ದ ಕೂಡ್ಲೇ ನೀರು ಬಂದ್! ನಾಣ್ಯ ಹಾಕಿ ವಸ್ತು ಪಡೆಯೋ ಯಂತ್ರಗಳಲ್ಲಿ ನಮಗೆ ಗೊತ್ತಿರೋ ಅತ್ಯಂತ ಹಳೇದು ಇದೇ. ವೆಂಡಿಂಗ್ ಮಷೀನಿನ ಮುತ್ತಜ್ಜ ಕೂಲ್‌ಡ್ರಿಂಕ್ಸ್ ಅಲ್ಲ, ತೀರ್ಥ ಕೊಡ್ತಿದ್ದ.

ಕ್ರೈಸ್ತರ ಹಳೇ ದೇವಾಲಯಗಳ ಮುಂದೆ ಅಂಗಳ, ಅಂಗಳದಲ್ಲಿ ಕಾರಂಜಿ ಇರ್ತಿತ್ತು. ಈಗಿನ ಲೆಬನಾನಿನ ಟೈರ್ ಪಟ್ಟಣದಲ್ಲಿ 4ನೇ ಶತಮಾನದ ಆರಂಭದಲ್ಲಿ ಕಟ್ಟಿದ ದೇವಾಲಯದ ಮುಂದೆ ಇಂಥ ಕಾರಂಜಿಗಳಿದ್ದವು ಅಂತ ಯುಸೇಬಿಯಸ್ ಬರೆದಿದ್ದಾನೆ. ಜನ ಕೈಕಾಲು ತೊಳೆದು ಒಳಗೆ ಹೋಗೋರು. ದರ್ಗಾದ ಹೌಜು, ದೇವಸ್ಥಾನದ ಪುಷ್ಕರಣಿ ನೋಡಿದ ನಮಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ. ಕಾಲ ಹೋದಂಗೆ ಅಂಗಳದ ಕಾರಂಜಿ ಹೋಗಿ ಬಾಗಿಲ ಒಳಗಿನ ಕಲ್ಲಿನ ತೊಟ್ಟಿ ಆಯ್ತು. ಪೂರ್ತಿ ಕೈ ತೊಳೆಯೋದು ಹೋಗಿ ಬೆರಳ ತುದಿ ಅದ್ದೋದು ಉಳೀತು. ಆ ತೊಟ್ಟಿ ಇನ್ನೂ ಚಿಕ್ಕದಾಗಿ ಭಕ್ತರ ಮನೆ ಗೋಡೆ ಏರಿತು. 17, 18ನೇ ಶತಮಾನದ ಫ್ರಾನ್ಸಿನಲ್ಲಿ ನೆವೆರ್, ರೂಆನ್ ಊರಿನ ಕುಂಬಾರರು ಬಣ್ಣದ ಮೆರುಗು ಹಚ್ಚಿ ಮನೆಗೆ ಬೇಕಾದ ಇಂಥ ಬಟ್ಟಲು ಮಾಡ್ತಿದ್ರು. ಸಾಹುಕಾರರಿಗೆ ಬೆಳ್ಳಿ, ಉಳಿದವರಿಗೆ ಹಿತ್ತಾಳೆ, ಸೀಸ-ತವರದ್ದು, ಮಣ್ಣಿಂದು. 19ನೇ ಶತಮಾನದಲ್ಲಿ ಅಚ್ಚು ಹಾಕೋ ಕಾರ್ಖಾನೆ ಬಂದ್ಮೇಲೆ ಕೂಲಿಯವರ ಮನೆಗೂ ಪಿಂಗಾಣಿ ದೇವದೂತ ಬಂದ.

(4/8)
ಈಗ ಬಳ್ಳಾರಿ. ನಮ್ಮ ಮನೇಲಿ ಎಲ್ಲರೂ ಹೇಳೋ ಕಥೆ ಒಂದೇ: "ಕುಂಪಣಿ ಕಾಲದಾಗ ಒಬ್ಬ ಐರಿಷ್ ಸೋಲ್ಜರ್ ನಮ್ಮ ಮುತ್ತಾತನ ಅಪ್ಪಂಗೆ ಕೊಟ್ಟಿದ್ದು." ಕೇಳೋಕೆ ಚಂದ. ನಂಬೋಕೂ ಕಾರಣ ಇದೆ.

1800ರಲ್ಲಿ ಹೈದರಾಬಾದ್ ನಿಜಾಮ ಈ ಸೀಮೆಯನ್ನ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಥಾಮಸ್ ಮನ್ರೋ ಕಲೆಕ್ಟರ್ ಆಗಿ ಬಂದ, ಬಳ್ಳಾರಿ ದೊಡ್ಡ ದಂಡು ಪ್ರದೇಶ ಆಯ್ತು. ಕೌಲ್ ಬಜಾರ್ ಅನ್ನೋ ಹೆಸರಿನ "ಕೌಲು" ಅಂದ್ರೆ ಕರಾರು, ಬಿಸಿನೆಸ್ ಲಾ ಪೇಪರಿನ ಕಾಂಟ್ರಾಕ್ಟೇ. ಆಗಿನ ಬ್ರಿಟಿಷ್ ಸೈನ್ಯ ಅಂದ್ರೆ ಎಲ್ಲರೂ ಇಂಗ್ಲಿಷರಲ್ಲ. 1830ರಲ್ಲಿ ನೂರಕ್ಕೆ 42 ಜನ ಐರ್ಲೆಂಡಿನೋರು. ಅಲ್ಲಿ ಹೊಟ್ಟೆಗಿಲ್ಲದೆ ಪಟಾಲಂ ಸೇರಿದ ಬಡ ಹುಡುಗರು, ಹೆಚ್ಚಿನವರು ಕ್ಯಾಥೋಲಿಕರು. ಐರ್ಲೆಂಡಿನ ಹಳ್ಳಿ ಮನೆಗಳಲ್ಲಿ ಬಾಗಿಲ ಪಕ್ಕ ತೀರ್ಥದ ಬಟ್ಟಲು ನೇತುಹಾಕೋದು ಸರ್ವೇಸಾಮಾನ್ಯ. ಬಳ್ಳಾರಿ ಆಗ ಧರ್ಮದ ಆಡಳಿತದಲ್ಲೂ ಮದ್ರಾಸಿಗೆ ಸೇರಿತ್ತು, ಅಲ್ಲಿಗೆ 1834ರಲ್ಲಿ ನೇಮಕವಾದ ಧರ್ಮಾಧಿಕಾರಿ ಡೇನಿಯಲ್ ಓ'ಕಾನರ್ ಕೂಡ ಐರಿಷ್. ನಮ್ಮದೇ ಬಳ್ಳಾರಿ ಧರ್ಮಪ್ರಾಂತ್ಯ ಆಗಿದ್ದು 1949ರಲ್ಲಿ, ಫ್ರಾನ್ಸಿಸ್ಕನ್ ಸಭೆಯ ಜಾನ್ ಫಾರೆಸ್ಟ್ ಹೋಗನ್ ಮೊದಲ ಬಿಷಪ್.

ಇಷ್ಟೆಲ್ಲ ಓದಿದ್ಮೇಲೆ ನಾನು ಸೋಲ್ಜರ್ ಕಥೆ ಫಿಕ್ಸ್ ಮಾಡ್ಕೊಂಡು, ಕ್ಯಾಪ್ಷನ್ ಕೂಡ ಬರೆದಿಟ್ಟಿದ್ದೆ. ಫೋಟೋಗೆ ಅಂತ ಬಟ್ಟಲನ್ನ ಮೊಳೆಯಿಂದ ಇಳಿಸಿ ತಿರುಗಿಸಿದೆ. ಕಥೆ ಕೆಟ್ಟಿದ್ದು ಅಲ್ಲೇ.

(5/8)
ಸ್ವೈಪ್ ಮಾಡಿ, ಬೆನ್ನಿನ ಫೋಟೋ. ಧೂಳು ಒರೆಸಿದ್ಮೇಲೆ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಕಾಣುತ್ತೆ: ಮೇಡ್ ಇನ್ ಜರ್ಮನಿ.

ಐರಿಷ್ ಸೋಲ್ಜರ್ ಕೈಗೆ ಜರ್ಮನ್ ಬಟ್ಟಲು ಬರಬಾರದು ಅಂತೇನಿಲ್ಲ. ತೊಂದರೆ ಇರೋದು ಆ ಮೂರು ಪದದಲ್ಲಿ. ಬ್ರಿಟನ್ನಿಗೆ ಆಗ ಜರ್ಮನಿಯಿಂದ ಅಗ್ಗದ ಮಾಲು ಬಂದು ಸುರೀತಿತ್ತು. ಕೆಲವು ಚಾಕು ಕತ್ತರಿಗಳ ಮೇಲೆ ಇಂಗ್ಲಿಷ್ ಹೆಸರು ಒತ್ತಿ ಮಾರ್ತಿದ್ರು. ಅದನ್ನ ತಡೆಯೋಕೆ 1887ರಲ್ಲಿ ಮರ್ಚಂಡೈಸ್ ಮಾರ್ಕ್ಸ್ ಆಕ್ಟ್ ತಂದ್ರು. ವಿದೇಶಿ ಮಾಲು ಬ್ರಿಟಿಷ್ ಮಾಲಿನ ವೇಷದಲ್ಲಿ ಬರಂಗಿಲ್ಲ, ಎಲ್ಲಿ ಮಾಡಿದ್ದು ಅಂತ ಹೇಳ್ಬೇಕು. ಎರಡು ವರ್ಷಕ್ಕೆ, 1889ರಲ್ಲಿ, ಇಂಡಿಯಾಗೂ ಅದೇ ಥರದ ಕಾಯ್ದೆ ಬಂತು. "ಜರ್ಮನಿ ಮಾಲು, ಹುಷಾರು" ಅಂತ ಜನ ಓದ್ಲಿ ಅನ್ನೋದು ಅವರ ಲೆಕ್ಕ. ಆಗಿದ್ದು ಉಲ್ಟಾ. ಮಾಲು ಚೆನ್ನಾಗಿತ್ತು, ಬೈಗುಳದ ಮುದ್ರೆಯೇ ಬ್ರ್ಯಾಂಡ್ ಆಯ್ತು. ಮಾರ್ಕೆಟಿಂಗ್ ಕ್ಲಾಸಿನಲ್ಲಿ ಇದನ್ನ ಯಾಕೆ ಹೇಳಲ್ಲ ಅಂತ ನನಗೆ ಇವತ್ತಿಗೂ ಬೇಜಾರು.

ಹಾಗಾದ್ರೆ ಈ ಬಟ್ಟಲು 1887ರ ಈಚಿನದು. ಕಂಪನಿ ಆಡಳಿತ ಮುಗಿದಿದ್ದು 1858ರಲ್ಲಿ. ನಮ್ಮ ಮನೆ ಕಥೆ ಕಮ್ಮಿ ಅಂದ್ರೂ ಇಪ್ಪತ್ತೊಂಬತ್ತು ವರ್ಷಕ್ಕೆ ಸೋತಿತು. ಇನ್ನೊಂದು ತುದಿ ಹಿಡಿಯೋಣ ಅಂತ ಅಜ್ಜಿನ ಕೇಳ್ದೆ. ಅವಳು 1966ರಲ್ಲಿ ಸೊಸೆಯಾಗಿ ಬಂದಾಗ ಇದು ಇದೇ ಮೊಳೆ ಮೇಲಿತ್ತು. ಅವಳ ಅತ್ತೆ ಬಂದಾಗಲೂ ಇತ್ತಂತೆ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾಗಿ ಜರ್ಮನಿ ಜೊತೆ ವ್ಯಾಪಾರ ನಿಂತಿತು. ಆದ್ದರಿಂದ ಒಂದೋ ಯುದ್ಧದ ಮುಂಚೆ, ಇಲ್ಲಾಂದ್ರೆ ಯುದ್ಧ ಮುಗಿದ ಮೇಲಿನ ಕೆಲವು ವರ್ಷ. ಯಾವುದೋ ಹಡಗಲ್ಲಿ ಹುಲ್ಲು ತುಂಬಿದ ಪೆಟ್ಟಿಗೆಯೊಳಗೆ ಡಜನ್‌ಗಟ್ಟಲೆ ದೇವದೂತರ ಜೊತೆ ಬಂದ ಮಾಲು. ಸೋಲ್ಜರ್ ಕೊಟ್ಟ ಕಾಣಿಕೆ ಅಲ್ಲ, ಯಾರೋ ದುಡ್ಡು ಕೊಟ್ಟು ಅಂಗಡೀಲಿ ಕೊಂಡಿದ್ದು.

ಅಜ್ಜಿಗೆ ಹೇಳಿದೆ, ಬೇಜಾರಾಗ್ತಾಳೆ ಅಂದ್ಕೊಂಡಿದ್ದೆ. "ಆಯ್ತಲ್ಲ, ಬಟ್ಟಲು ಜರ್ಮನಿದು. ನೀರು ಎಲ್ಲಿದು? ನಮ್ಮ ಚರ್ಚಿಂದು" ಅಂದು ಅಕ್ಕಿ ಆರಿಸೋಕೆ ಕೂತಳು.

(6/8)
ನೀರಿನ ಮಾತು ಬಂತಲ್ಲ, ಹೇಳ್ತೀನಿ. ವರ್ಷದ ದೊಡ್ಡ ಮಂತ್ರಿಸಿದ ನೀರು ಪಾಸ್ಕ ಜಾಗರಣೆಯ ರಾತ್ರಿಯದು. ಫಾದರ್ ದೊಡ್ಡ ಪಾಸ್ಕ ಮೇಣದ ಬತ್ತಿಯನ್ನ ನೀರಿಗೆ ಇಳಿಸಿ ಪ್ರಾರ್ಥನೆ ಮಾಡ್ತಾರೆ. ಪೂಜೆ ಮುಗಿದ ತಕ್ಷಣ ಬಾಟಲಿ, ಕ್ಯಾನು ಹಿಡ್ಕೊಂಡು ಒಂದು ನೂಕುನುಗ್ಗಲು ನಡೆಯುತ್ತೆ. ಬೀದಿಗೆ ನಲ್ಲಿ ನೀರು ಬಿಟ್ಟ ದಿನ ನಾವು ಕೊಡ ಹಿಡ್ಕೊಂಡು ಓಡೋದು ನೆನಪಾಗುತ್ತೆ. ಹಳೇ ರೋಮನ್ ಪದ್ಧತಿಯಲ್ಲಿ ಸಾಮಾನ್ಯ ಭಾನುವಾರಗಳ ನೀರಿಗೆ ಮಂತ್ರಿಸಿದ ಉಪ್ಪು ಹಾಕಲೇಬೇಕಿತ್ತು. ಪ್ರವಾದಿ ಎಲೀಷ ಜೆರಿಕೋ ಊರಿನ ಕೆಟ್ಟ ನೀರಿಗೆ ಉಪ್ಪು ಹಾಕಿ ಸರಿಮಾಡಿದ ಕಥೆ ಬೈಬಲ್ಲಿನಲ್ಲಿದೆ, ಅದರ ನೆನಪಿಗೆ. ಈಗ ಉಪ್ಪು ಫಾದರ್ ಇಷ್ಟಕ್ಕೆ ಬಿಟ್ಟಿದ್ದು.

ಆ ಉಪ್ಪು ಏನು ಮಾಡುತ್ತೆ ಅಂತ ನೋಡ್ಬೇಕಾದ್ರೆ ಕುರುಗೋಡಿನ ನಮ್ಮ ಅತ್ತೆ ಮನೆಗೆ ಬನ್ನಿ. ಅವರದು ಪಿಂಗಾಣಿ ಅಲ್ಲ, ಹಿತ್ತಾಳೆ ಗಿಂಡಿ. ದೊಡ್ಡ ಬಸವೇಶ್ವರ ಜಾತ್ರೆಯ ಪಾತ್ರೆ ಅಂಗಡೀಲಿ ಕೊಂಡಿದ್ದು. ಉಪ್ಪಿನ ನೀರು ಕೂತು ಕೂತು ಅಂಚಿಗೆ ಹಸಿರು ಕಿಲುಬು. ತಿಂಗಳಿಗೊಮ್ಮೆ ಹುಣಸೆಹಣ್ಣು ಹಾಕಿ ತಿಕ್ಕಿದ್ರೆ ಬಂಗಾರದಂಗೆ ಹೊಳೆಯುತ್ತೆ. ಲೋಹದ ಬಟ್ಟಲುಗಳೊಳಗೆ ಗಾಜಿನ ಇಲ್ಲಾ ಪಿಂಗಾಣಿ ಒಳಬಟ್ಟಲು ಕೂರಿಸೋದು ಇದೇ ಕಿಲುಬಿನ ಕಾಟಕ್ಕೆ. ಅತ್ತೆ ಬೆರಳು ಅದ್ದೋದಿಲ್ಲ, ತುಳಸಿ ಕಡ್ಡಿಯಿಂದ ಚಿಮುಕಿಸ್ತಾರೆ. "ಇದು ಕ್ಯಾಥೋಲಿಕ್ ಸ್ಟೈಲಾ?" ಅಂತ ನನ್ನ ಕಸಿನ್ ನಕ್ಕಿದ್ದ. ಗಿಡದ ಕಡ್ಡಿಯಿಂದ ಚಿಮುಕಿಸೋದು ಬೈಬಲ್ಲಿನಷ್ಟೇ ಹಳೇದು, ಅಲ್ಲಿ ಹಿಸ್ಸೋಪಿನ ಕಡ್ಡಿ. ಈ ನೆಲದ ಪಾತ್ರೆ ಪಡಗ ಪೂಜೆಗೆ ಬರೋಕೆ ಅನುಮತಿ ಕೂಡ ಸಿಕ್ಕಿದೆ. 1969ರಲ್ಲಿ ರೋಮ್ ಭಾರತದ ಚರ್ಚಿಗೆ ಹನ್ನೆರಡು ಬದಲಾವಣೆ ಒಪ್ಪಿಕೊಟ್ಟಿತು. ಮಂಡಿ ಊರುವ ಬದಲು ಕೈಮುಗಿದು ಬಾಗೋದು, ಮೇಣದ ಬತ್ತಿ ಬದಲು ಎಣ್ಣೆ ದೀಪ, ಪೀಠದ ಬಟ್ಟೆಯ ಜಾಗಕ್ಕೆ ತಟ್ಟೆ, ಆರತಿ, ಎಲ್ಲ ಅದರಲ್ಲಿವೆ. ಅದರ ಹಿಂದೆ ದುಡಿದವರು ಬೆಂಗಳೂರಿನ ಎನ್‌ಬಿಸಿಎಲ್‌ಸಿ ಕಟ್ಟಿದ ಫಾದರ್ ಡಿ.ಎಸ್. ಅಮಲೋರ್ಪವದಾಸ್. ಅತ್ತೆಗೆ ಈ ಹೆಸರು ಯಾವುದೂ ಗೊತ್ತಿಲ್ಲ. ಜಾತ್ರೇಲಿ ಗಿಂಡಿ ಚೆನ್ನಾಗಿತ್ತು, ತಗೊಂಡ್ರು.

ಸಿರುಗುಪ್ಪ ಹತ್ತಿರದ ಕ್ಯಾಂಪಿನಲ್ಲಿ ದೊಡ್ಡಮ್ಮನ ಮನೆ. ತುಂಗಭದ್ರಾ ಕಾಲುವೆ ಬಂದ್ಮೇಲೆ ಭತ್ತ ಬೆಳೆಯೋಕೆ ಅಂತ ಆಂಧ್ರ ಕಡೆಯಿಂದ ಬಂದು ನೆಲೆ ನಿಂತವರ ಊರುಗಳನ್ನ ಇಲ್ಲಿ ಕ್ಯಾಂಪ್ ಅಂತಲೇ ಕರೆಯೋದು. ಅವರ ಮನೇಲಿ ಬಟ್ಟಲೇ ಇಲ್ಲ. ಮರಿಯಮ್ಮನವರ ಆಕಾರದ ಪ್ಲಾಸ್ಟಿಕ್ ಬಾಟಲಿ, ತಲೆ ಮೇಲಿನ ನೀಲಿ ಕಿರೀಟವೇ ಮುಚ್ಚಳ. ಫ್ರಾನ್ಸಿನ ಲೂರ್ದ್‌ನಲ್ಲಿ 1858ರಲ್ಲಿ ಮಾತೆಯ ದರ್ಶನ ಆಯ್ತು ಅನ್ನೋ ಸುದ್ದಿ ಹರಡಿದ ಮೇಲೆ ಅಲ್ಲಿನ ಬುಗ್ಗೆ ನೀರು ತುಂಬ್ಕೊಂಡು ಹೋಗೋರು ಹೆಚ್ಚಾದ್ರು, ಈ ಥರದ ಬಾಟಲಿ ಅಲ್ಲಿ ಪ್ರಸಿದ್ಧ. ದೊಡ್ಡಮ್ಮನದು ವೇಲಾಂಕಣಿಯಿಂದ ಬಂದದ್ದು. ನಾಟಿಗೆ ಮುಂಚೆ ದೊಡ್ಡಪ್ಪ ಆ ಕಿರೀಟ ತಿರುಗಿಸಿ ಗದ್ದೆಯ ನಾಲ್ಕು ಮೂಲೆಗೂ ಚಿಮುಕಿಸ್ತಾರೆ. ಮೊದಮೊದಲು ನಾನು ಈ ಬಾಟಲಿಯ ಫೋಟೋ ಹಾಕೋದು ಬೇಡ ಅಂದ್ಕೊಂಡಿದ್ದೆ, ಚೀಪ್ ಕಾಣುತ್ತೆ ಅಂತ. ಅದು ನನ್ನ ತಪ್ಪು. ನಮ್ಮ ಜರ್ಮನ್ ದೇವದೂತನೂ ಅವನ ಕಾಲದ ಪ್ಲಾಸ್ಟಿಕ್ಕೇ, ಅಚ್ಚಿಗೆ ಹಾಕಿ ಸಾವಿರಗಟ್ಟಲೆ ತೆಗೆದಿದ್ದು.

(ನಿಮ್ಮ ಮನೆ ದೇವರ ಗೂಡಿನಲ್ಲಿ ಕಾಶಿಯಿಂದ ತಂದ, ಸೀಲ್ ಹಾಕಿದ ಪುಟ್ಟ ತಾಮ್ರದ ಗಂಗೆ ಇದ್ರೆ, ಹಜ್‌ನಿಂದ ತಂದ ಜಮ್‌ಜಮ್ ಕ್ಯಾನ್ ಇದ್ರೆ, ಫೋಟೋ ಕಳ್ಸಿ. ಅದರದ್ದೇ ಒಂದು ಸೀರೀಸ್ ಮಾಡೋಣ. ಜೈಪುರದ ಮಹಾರಾಜ ಮಾಧೋ ಸಿಂಗ್ 1902ರಲ್ಲಿ ಲಂಡನ್ನಿಗೆ ಹೋಗುವಾಗ ಗಂಗಾಜಲ ತುಂಬ್ಕೊಂಡು ಹೋದ ಬೆಳ್ಳಿ ಹಂಡೆಗಳು ಒಂದೊಂದೂ 345 ಕೆಜಿ. ನಮ್ಮದು ಎರಡು ಚಮಚ.)

(7/8)
ನಾಲ್ಕು ಸಾವಿರದ ಕಥೆ ಬಾಕಿ ಇದೆ. ಈ ಬಟ್ಟಲ ಮೇಲೆ ಎರಡು ಕಾನೂನು ಕೂತಿವೆ ಅಂತ ನನಗೆ ಆಮೇಲೆ ಗೊತ್ತಾಯ್ತು.

ಒಂದು ದೇಶದ್ದು. 1972ರ ಪ್ರಾಚೀನ ವಸ್ತು ಮತ್ತು ಕಲಾ ನಿಧಿ ಕಾಯ್ದೆ. ಕನಿಷ್ಠ 100 ವರ್ಷ ಹಳೆಯ ಐತಿಹಾಸಿಕ ವಸ್ತು ಪ್ರಾಚೀನ ವಸ್ತು ಅನಿಸಿಕೊಳ್ಳುತ್ತೆ, ಕೈಬರಹದ ಪ್ರತಿಗಳಿಗೆ 75 ವರ್ಷ ಸಾಕು. ಅಂಥವನ್ನ ಮಾರೋ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ದೇಶದಿಂದ ಆಚೆ ಕಳಿಸೋದು ಸರ್ಕಾರ ಬಿಟ್ಟು ಬೇರೆಯವರು ಮಾಡಂಗಿಲ್ಲ. ಲೈಸೆನ್ಸ್ ಇದೆಯಾ ಅಂತ ನಾನು ಸುಮ್ಮನೆ ಕೇಳ್ದೆ. ಬಂದವರು ನಕ್ಕು, "ಇದು ಅಷ್ಟು ಹಳೇದಲ್ಲ ಬಿಡಮ್ಮ" ಅಂದ್ರು. ಐದು ನಿಮಿಷದ ಹಿಂದೆ ಆಂಟಿಕ್ ಆಗಿತ್ತು!

ಇನ್ನೊಂದು ಚರ್ಚಿನದು. 1917ರ ಚರ್ಚ್ ಕಾನೂನಿನ 1305ನೇ ವಿಧಿ ಪ್ರಕಾರ, ಆಶೀರ್ವದಿಸಿದ ಪೂಜಾ ಸಾಮಾನು ಎರಡು ಕಾರಣಕ್ಕೆ ತನ್ನ ಆಶೀರ್ವಾದ ಕಳ್ಕೊಳ್ಳುತ್ತೆ. ಆಕಾರ ಕೆಟ್ಟು ಕೆಲಸಕ್ಕೆ ಬಾರದಂಗೆ ಒಡೆದ್ರೆ ಒಂದು. ಹೀನ ಕೆಲಸಕ್ಕೆ ಬಳಸಿದ್ರೆ, ಇಲ್ಲಾ ಬಹಿರಂಗ ಮಾರಾಟಕ್ಕೆ ಇಟ್ಟರೆ ಇನ್ನೊಂದು. ಮಾರಾಟ ಆಗೋದೂ ಬೇಡ, ಇಟ್ಟರೆ ಸಾಕು. 1983ರ ಹೊಸ ಕಾನೂನಿನಲ್ಲಿ ಆ ಸಾಲು ಇಲ್ಲ. ಆದ್ರೆ 1171ನೇ ವಿಧಿ ಹೇಳುತ್ತೆ, ಪವಿತ್ರ ವಸ್ತು ಖಾಸಗಿಯವರ ಸ್ವಂತದ್ದಾದ್ರೂ ಗೌರವದಿಂದ ಇಟ್ಕೋಬೇಕು, ಬೇರೆ ಕೆಲಸಕ್ಕೆ ಬಳಸಬಾರದು ಅಂತ. ಆಂಟಿಕ್ ಅಂಗಡಿಯ ಶೋಕೇಸಿನಲ್ಲಿ ಇಂಥ ಬಟ್ಟಲು ಒಣಗಿ ಕೂತಿರುತ್ತಲ್ಲ, ಅಥವಾ ಯಾರದೋ ಡ್ರಾಯಿಂಗ್ ರೂಮಿನಲ್ಲಿ ಕೀ ಇಡೋ ತಟ್ಟೆ ಆಗಿರುತ್ತಲ್ಲ, ಅದು ಹಳೇ ಲೆಕ್ಕದಲ್ಲಿ ಬರೀ ಪಿಂಗಾಣಿ. ಬೆಲೆ ಕಟ್ಟೋಕೆ ಸಾಲಿನಲ್ಲಿ ನಿಲ್ಲಿಸಿದ ಕ್ಷಣಕ್ಕೇ ಬೆಲೆಯ ಒಂದು ಭಾಗ ಹೋಯ್ತು. ನನ್ನ ಯಾವ ಅಕೌಂಟ್ಸ್ ಪುಸ್ತಕದಲ್ಲೂ ಇಂಥ ಆಸ್ತಿಗೆ ಕಾಲಂ ಇಲ್ಲ.

ಅಜ್ಜಿ 1305ನೇ ವಿಧಿ ಓದಿದವಳಲ್ಲ. ಆದ್ರೆ ಒಡೆದ ಸುರೂಪವನ್ನ ಕಸಕ್ಕೆ ಹಾಕದೆ ಮಣ್ಣಲ್ಲಿ ಹೂಳ್ತಾಳೆ, ಹಳಸಿದ ತೀರ್ಥವನ್ನ ಬಚ್ಚಲಿಗೆ ಬಿಡದೆ ಮಲ್ಲಿಗೆ ಬುಡಕ್ಕೆ ಹಾಕ್ತಾಳೆ. ಎಷ್ಟೋ ಹಳೇ ಚರ್ಚುಗಳಲ್ಲಿ ಇದಕ್ಕೇ ಅಂತ ಒಂದು ಸಿಂಕ್ ಇರುತ್ತೆ, ಅದರ ಪೈಪು ಚರಂಡಿಗಲ್ಲ, ನೇರ ಮಣ್ಣಿಗೆ ಇಳಿಯುತ್ತೆ. ನಮ್ಮನೇಲಿ ಆ ಸಿಂಕ್ ಅಂದ್ರೆ ಮಲ್ಲಿಗೆ ಗಿಡ.

(8/8)
ಕೊನೇ ಫೋಟೋ: ಬರೀ ಮೊಳೆ.

2020ರ ಮಾರ್ಚ್‌ನಲ್ಲಿ ಚರ್ಚ್ ಮುಚ್ಚಿದಾಗ ಬಾಗಿಲ ತೊಟ್ಟಿಯನ್ನೂ ಒಣಗಿಸಿದ್ರು. ಪ್ರಪಂಚದ ತುಂಬ ಹಂಗೇ ಮಾಡಿದ್ರು. ಮತ್ತೆ ತೆರೆದಾಗ ತೊಟ್ಟಿ ಪಕ್ಕ ಸ್ಯಾನಿಟೈಸರ್ ಸ್ಟ್ಯಾಂಡ್ ನಿಂತಿತ್ತು, ಅಭ್ಯಾಸಬಲದಿಂದ ಅದನ್ನೇ ಹಣೆಗೆ ಹಚ್ಕೊಂಡವರನ್ನ ನಾನೇ ನೋಡಿದ್ದೀನಿ. ಇಟಲಿಯಲ್ಲಿ 2009ರ ಹಂದಿ ಜ್ವರದ ಸಮಯದಲ್ಲೇ ಕೈ ಚಾಚಿದ್ರೆ ತಾನಾಗಿ ತೀರ್ಥ ಬೀಳಿಸೋ ಸೆನ್ಸರ್ ಯಂತ್ರ ಮಾಡಿದ್ರಂತೆ. ಅಲೆಕ್ಸಾಂಡ್ರಿಯಾದ ಹೀರೋ ಮತ್ತೆ ಬಂದ, ಈ ಸಲ ನಾಣ್ಯ ಕೇಳದೆ. ಆ ತಿಂಗಳುಗಳಲ್ಲಿ ನಮ್ಮ ಓಣಿಯಲ್ಲಿ ತೀರ್ಥ ಆರದೆ ಉಳಿದಿದ್ದು ಮನೆಯ ಬಟ್ಟಲುಗಳಲ್ಲಿ. ಅಜ್ಜಿ ಪಾಸ್ಕದ ಹಳೇ ಬಾಟಲಿಗೆ ಕೊಳಾಯಿ ನೀರು ಸ್ವಲ್ಪ ಸ್ವಲ್ಪ ಬೆರೆಸಿ ಬೆರೆಸಿ ತಿಂಗಳುಗಟ್ಟಲೆ ಓಡಿಸಿದ್ಲು. ಮಂತ್ರಿಸಿದ ನೀರು ಹೆಚ್ಚು, ಬರೀ ನೀರು ಕಮ್ಮಿ ಇರ್ಬೇಕು, ಅಷ್ಟು ಲೆಕ್ಕ ಅವಳಿಗೂ ಗೊತ್ತು.

ಬೆನ್ನಿನ ಮುದ್ರೆಯ ಫೋಟೋ ತೆಗೆಯೋಕೆ ನಾನು ಬಟ್ಟಲನ್ನ ಊಟದ ಮೇಜಿನ ಮೇಲೆ ಇಟ್ಟಿದ್ದೆ. ಲೈಟ್ ಸರಿ ಮಾಡ್ತಾ ಅರ್ಧ ಗಂಟೆ ಆಯ್ತು. ಅಜ್ಜಿಗೆ ಈಗ ಕಣ್ಣು ಸರಿಯಾಗಿ ಕಾಣಲ್ಲ. ಹಾಲು ತರೋಕೆ ಅಂತ ಒಳಗಿಂದ ಬಂದವಳು ಬಾಗಿಲ ಹತ್ರ ನಿಂತು, ನೋಡದೆ ಕೈ ಎತ್ತಿದ್ಲು. ಸರಿಯಾಗಿ ಅದೇ ಎತ್ತರಕ್ಕೆ. ಬೆರಳು ಹೋಗಿ ಖಾಲಿ ಗೋಡೆಗೆ ತಾಗ್ತು. ಗೋಡೆ ಮೇಲೆ ಬಟ್ಟಲ ಆಕಾರದ ಒಂದು ಬಿಳಿ ಗುರುತು ಇತ್ತು, ಸುತ್ತ ಎಲ್ಲ ಮಾಸಿದ ಸುಣ್ಣ. ಅವಳು ಒಂದು ಗಳಿಗೆ ಅಲ್ಲೇ ನಿಂತಳು. ಮಾರಿಬಿಟ್ರು ಅಂದ್ಕೊಂಡ್ಲೋ ಏನೋ, ನನ್ನ ಕಡೆ ತಿರುಗಿ ಏನೂ ಕೇಳಲಿಲ್ಲ.

"ಇಲ್ಲೇ ಐತೆ ಅಜ್ಜಿ, ಇಲ್ಲೇ ಐತೆ" ಅಂತ ಓಡಿ ಹೋಗಿ ಮೊಳೆಗೆ ಹಾಕಿದೆ. ಬಾಟಲಿ ತಂದು ಸ್ಪಂಜು ನೆನೆಯೋ ತನಕ ನೀರು ಬಿಟ್ಟೆ. ಅವಳು ಬೆರಳು ಅದ್ದಿ, ಹಣೆ ಮುಟ್ಕೊಂಡು, ಉಳಿದ ಒದ್ದೆಯನ್ನ ನನ್ನ ಹಣೆಗೆ ಒರೆಸಿ ಹಾಲಿಗೆ ಹೋದ್ಲು.

#ಬಳ್ಳಾರಿ #ಕೌಲ್‌ಬಜಾರ್ #ಕುರುಗೋಡು #ಸಿರುಗುಪ್ಪ #ಅಜ್ಜಿಮನೆಸಾಮಾನು